ಪಾಲಾಗದ ಅಟ್ಟ

ಮನೆ ಪಾಲಾದ ವರ್ಷ ನಡುಮನೆಗೆ ಅಡ್ಡಗೋಡೆ ಎಬ್ಬಿಸುತ್ತಿದ್ದ ಗಾರೆಯವನು, ಇಟ್ಟಿಗೆ ಅಟ್ಟದ ಹಲಗೆ ಮುಟ್ಟಿದ ಕೂಡಲೇ ಕರಣೆ ಕೆಳಗಿಟ್ಟು, "ಇನ್ನು ಮೇಲಕ್ಕೆ?" ಎಂದು ಕೇಳಿದ್ದ. ಅಣ್ಣ ಸೊಣ್ಣಪ್ಪ ಒಂದು ದಿಕ್ಕು ನೋಡಿದ, ತಮ್ಮ ಮುನಿರಾಜು ಇನ್ನೊಂದು ದಿಕ್ಕು. ಅಷ್ಟರಲ್ಲಾಗಲೇ ಇಬ್ಬರಿಗೂ ಮಾತು ಬಿಟ್ಟಿತ್ತು. ರಸ್ತೆ ಮುಖದ ಭಾಗ ತಮ್ಮನಿಗೆ ಹೋಯಿತೆಂದು ಅಣ್ಣನಿಗೆ ಸಿಟ್ಟು. ಬೋರ್‌ವೆಲ್ ಅಣ್ಣನಿಗೆ ಹೋಯಿತೆಂದು ತಮ್ಮನಿಗೆ. ಜಗಲಿಯ ಮೇಲೆ ಕೂತಿದ್ದ ಅವರ ತಾಯಿ ಮಾರಕ್ಕನೇ ಗಾರೆಯವನಿಗೆ ಉತ್ತರ ಕೊಟ್ಟಳು.

"ಮ್ಯಾಲಿಂದು ಪಾಲಾಗಿಲ್ಲ. ಅಲ್ಲಿಗೇ ನಿಲ್ಸಪ್ಪ."

ಗೋಡೆ ಅಲ್ಲಿಗೇ ನಿಂತಿತು. ಕೆಳಗೆ ಎರಡು ಮನೆ, ಎರಡು ಒಲೆ, ಎರಡು ಕರೆಂಟು ಮೀಟರು. ಮೇಲೆ ಮಾತ್ರ ಈ ಕೊನೆಯಿಂದ ಆ ಕೊನೆಗೆ ಒಂದೇ ಅಟ್ಟ, ಒಂದೇ ಹೆಂಚಿನ ಸೂರು. ಅಟ್ಟದ ಬಾಯಿ ಇರುವುದು ಸೊಣ್ಣಪ್ಪನ ಸಣ್ಣ ಕೋಣೆಯಲ್ಲಿ. ಅದಕ್ಕೆ ಹತ್ತುವ ಬಿದಿರೇಣಿ ಹೋದದ್ದು ಮುನಿರಾಜುವಿನ ಪಾಲಿಗೆ. ಬೀಗದ ಕೈ ಮಾರಕ್ಕನ ಎಲೆಅಡಿಕೆ ಚೀಲದಲ್ಲಿ. ಇಬ್ಬರು ಮಕ್ಕಳೂ ಎದುರು ನಿಂತ ಹೊರತು ಅಟ್ಟ ತೆಗೆಯಕೂಡದೆಂದು ಊರ ಹಿರಿಯರ ಮುಂದೆ ಮಾತಾಗಿತ್ತು. ಇಬ್ಬರೂ ಎದುರು ನಿಲ್ಲಲಿಲ್ಲ, ಅಟ್ಟ ತೆಗೆಯಲಿಲ್ಲ. ಮಾರಕ್ಕ ಒಂದು ತಿಂಗಳು ಈ ಮನೆಯಲ್ಲಿ, ಒಂದು ತಿಂಗಳು ಆ ಮನೆಯಲ್ಲಿ ಉಣ್ಣುತ್ತ, ಆ ಬೀಗದ ಕೈಯನ್ನು ಎರಡೂ ಕಡೆಗೆ ಹೊತ್ತು ತಿರುಗುತ್ತಿದ್ದಳು.

ವರ್ತೂರು ಕೆರೆಯ ಕಡೆಗಿದ್ದ ರಾಗಿ ಹೊಲದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡಲು ಶುರು ಮಾಡಿದ ಮೇಲೆ ಇಲಿಗಳು ಬಂದವು. ಹೊಲದ ಬಿಲ ಕಳೆದುಕೊಂಡವು ಹತ್ತಿರದ ಹೆಂಚಿನ ಸೂರು ಹುಡುಕಿಕೊಂಡವು. ಮೊದಮೊದಲು ಮುಸ್ಸಂಜೆಗೆ ಒಂದೆರಡು ಸದ್ದು. ಅವರೆಕಾಯಿ ಕಾಲ ಬರುವ ಹೊತ್ತಿಗೆ ಹಗಲು ಹೊತ್ತಿನಲ್ಲೇ ಹಲಗೆಯ ಮೇಲೆ ದಡದಡ ಓಡಾಟ.

ಸೊಣ್ಣಪ್ಪನ ಹೆಂಡತಿ ಧನಲಕ್ಷ್ಮಿ ಇಲಿಗೆ ಹೆದರುವವಳಲ್ಲ. ಆದರೆ ಈ ಸಲ ಅವಳಿಗೆ ತಡೆಯುವ ಹಾಗಿರಲಿಲ್ಲ. ಟಿ. ದಾಸರಹಳ್ಳಿಗೆ ಕೊಟ್ಟ ಮಗಳು ಸೌಮ್ಯ ಬಸುರಿ. ಸೀಮಂತ ಮುಗಿಸಿ ಕರೆದುಕೊಂಡು ಬರಬೇಕು. ಹೆರಿಗೆಯಾದ ಮೇಲೆ ಬಾಣಂತಿಯೂ ಕೂಸೂ ಮಲಗಬೇಕಾದ್ದು ಆ ಸಣ್ಣ ಕೋಣೆಯಲ್ಲೇ, ಅಟ್ಟದ ಬಾಯಿಯ ನೇರ ಕೆಳಗೆ. ಗಾಳಿಯಾಡದ, ಬೆಚ್ಚನೆಯ ಕೋಣೆ ಮನೆಯಲ್ಲಿ ಅದೊಂದೇ.

ರಾತ್ರಿ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತ ಅತ್ತೆ ಸೊಸೆ ಬೆಳಿಗ್ಗೆ ಕೂತಿದ್ದಾಗ ಧನಲಕ್ಷ್ಮಿ ಮಾತೆತ್ತಿದಳು.

"ಅತ್ತೆ, ಅಟ್ಟದಲ್ಲಿ ಇಲಿ—"

"ಸ್! ಎಸ್ರು ಎತ್ಬ್ಯಾಡ." ಮಾರಕ್ಕ ಮೇಲೆ ನೋಡಿದಳು. "ಅವಕ್ಕೆ ಕೇಳಿಸ್ತದೆ. ಕೇಳಿಸ್ಕಂಡ್ರೆ ಸೇಡು ಕಟ್ಕಂಡು ಬಟ್ಟೆ ಕಡೀತವೆ. ಮ್ಯಾಲಿನೋರು ಅನ್ನು."

"ಹೆಸ್ರು ಎತ್ತದೇನೇ ಕಡೀತಾ ಅವೆಯಲ್ಲ!"

"ಇನ್ನೂ ಜಾಸ್ತಿ ಕಡೀತವೆ."

ಮಾರಕ್ಕನ ಈ ಕಟ್ಟಳೆ ಎರಡೂ ಮನೆಗೆ ಒಂದೇ. ಸೂರಿನ ಕೆಳಗೆ ನಿಂತು ಬೋನಿನ ಮಾತು, ಪಾಷಾಣದ ಮಾತು ಆಡುವ ಹಾಗಿಲ್ಲ. ಯಾರು ಏನು ಮಾಡಿದರೂ ಬಾಯಿ ಮುಚ್ಚಿಕೊಂಡು ಮಾಡಬೇಕು.

ಧನಲಕ್ಷ್ಮಿಯ ಹೊಟ್ಟೆಯುರಿಗೆ ಇನ್ನೊಂದು ಕಾರಣವಿತ್ತು. ಕೂಸಿಗೆಂದು ಅವಳು ತನ್ನ ತಂದೆಯ ಹಳೆ ಪಂಚೆಗಳನ್ನು ತುಂಡು ಮಾಡಿ, ಒಗೆದು ಒಗೆದು ಬೆಣ್ಣೆಯ ಹಾಗೆ ಮೆತ್ತಗೆ ಮಾಡಿದ್ದಳು. ಹಿತ್ತಲ ತಂತಿಯಿಂದ ತಂದು ಬುಟ್ಟಿಗೆ ಹಾಕಿದರೆ ತುಂಡುಗಳು ಕಡಿಮೆ ಬರುತ್ತಿದ್ದವು. ಹಿತ್ತಲು ಇಬ್ಬರಿಗೂ ಒಂದೇ, ತಂತಿಯೂ ಒಂದೇ. ಒಂದು ದಿನ ಅವಳು ಬಟ್ಟೆ ಹಿಂಡುತ್ತ, ಯಾರಿಗೂ ಅಲ್ಲವೆನ್ನುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಈಚೀಚೆಗೆ ಬಟ್ಟೆಗೂ ಕಾಲು ಬಂದ್ಬಿಟ್ಟವೆ. ನಡ್ಕೊಂಡೇ ಹೋಗ್ತವೆ."

ರಸ್ತೆ ಕಡೆ ದಿನಸಿ ಅಂಗಡಿ ಇಟ್ಟಿದ್ದ ಮುನಿರಾಜುವಿನ ಹೆಂಡತಿ ಹೇಮಲತಾ ಪಾತ್ರೆ ಬೆಳಗುತ್ತಿದ್ದವಳು ತಲೆಯೆತ್ತಲಿಲ್ಲ. "ನಮ್ ಅಂಗಡಿ ಮೂಟೆ ತೂತು ಮಾಡೋವು ಯಾರ ಮನೆ ಕಡೆಯಿಂದ ಬರ್ತವೋ, ಅವರನ್ನೇ ಕೇಳ್ಬೇಕು."

"ನಿಮ್ ಅಂಗಡಿ ಬೆಲ್ಲ ಅಕ್ಕಿ ವಾಸ್ನೆಗೇ ಬರ್ತಿರೋದು ಕಣಮ್ಮ ಅವು."

"ಅಟ್ಟದ ಬಾಗಿಲು ನಿಮ್ ಮನೇಲಿದೆ ಅಕ್ಕ, ನಮ್ಮನೇಲಿಲ್ಲ."

ಅಲ್ಲಿಗೆ ಅವತ್ತಿನ ಮಾತು ಮುಗಿಯಿತು.

ಧನಲಕ್ಷ್ಮಿಯ ಮಗ ಲೋಕೇಶ್ ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಕಟ್ಟಡ ನಿಗಾ ನೋಡುವ ಕೆಲಸದಲ್ಲಿದ್ದವನು. ಅವನೊಂದು ಬಿಳೀ ಮೆಷಿನ್ ತಂದು ಸಣ್ಣ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದ.

"ಇದು ಸೌಂಡ್ ಬಿಡುತ್ತೆ ಅಜ್ಜಿ. ನಮಗೆ ಕೇಳಿಸಲ್ಲ, ಅವಕ್ಕೆ ಕೇಳಿಸುತ್ತೆ. ಓಡೋಗ್ತವೆ."

"ನಿಂಗೆ ಕೇಳಿಸ್ದೆ ಇರೋ ಸದ್ದು ಬತ್ತಾ ಐತೆ ಅಂತ ಎಂಗೋ ಗೊತ್ತಾಯ್ತು?"

"ಡಬ್ಬದ ಮೇಲೆ ಬರ್ದಿದೆ."

ವಾರದೊಳಗೆ ಇಲಿಗಳು ಆ ಮೆಷಿನ್ನಿನ ಪಕ್ಕದ ಲೈಟಿನ ವೈರನ್ನೇ ಕಡಿದು ಹಾಕಿದವು. ಆಮೇಲೆ ಅಂಟಿನ ಹಲಗೆ ಬಂತು. ಅದಕ್ಕೆ ಸಿಕ್ಕಿಕೊಂಡದ್ದು ಮಾರಕ್ಕನ ಸೆರಗು. ಸೀಮೆಎಣ್ಣೆ ಸಿಗದೆ ಕೊಬ್ಬರಿ ಎಣ್ಣೆ ಸುರಿದು ಬಿಡಿಸುವಷ್ಟರಲ್ಲಿ ಮುದುಕಿ ಮೊಮ್ಮಗನ ಕಂಪನಿಯನ್ನೆಲ್ಲ ಬೈದು ಮುಗಿಸಿದ್ದಳು.

ಕೊನೆಗೆ ಧನಲಕ್ಷ್ಮಿ ಯಾರಿಗೂ ಹೇಳದೆ ಕುಂದಲಹಳ್ಳಿ ಕಡೆಗೆ ಹೋದಾಗ ಪಾಷಾಣದ ಬಿಲ್ಲೆ ತಂದಳು. ಮೈದುನನ ಅಂಗಡಿಯಲ್ಲೇ ಅದು ಸಿಗುತ್ತಿತ್ತು, ಆದರೆ ಅಲ್ಲಿ ಕೊಳ್ಳುವುದುಂಟೆ? ಕುರ್ಚಿಯ ಮೇಲೆ ಹತ್ತಿ, ಹಲಗೆಯ ಸಂದಿನಲ್ಲಿ ಕಡ್ಡಿಯಿಂದ ಒಳಕ್ಕೆ ತಳ್ಳಿದಳು. ಗೋಡೆಯ ಆಚೆ ಹೇಮಲತಾಳೂ ಅದೇ ವಾರ, ಅದೇ ಹಾಗೆ ಬಾಯಿ ಮುಚ್ಚಿಕೊಂಡು, ತಮ್ಮ ಕಡೆಯ ಸಂದಿನಲ್ಲಿ ಅದೇ ಬಿಲ್ಲೆ ತಳ್ಳಿದ್ದಳು. ಒಬ್ಬರಿಗೊಬ್ಬರು ಹೇಳಲಿಲ್ಲ. ಎರಡೂ ಕಡೆ ತಿಂದು ನಡುವೆ ಓಡಾಡಿದ ಇಲಿಗಳು ಗೋಡೆಯ ನೆತ್ತಿಯ ಮೇಲೆ, ಇವರಿಗೂ ಅವರಿಗೂ ಕೈಗೆಟುಕದ ಜಾಗದಲ್ಲಿ ಸತ್ತು ಬಿದ್ದವು.

ವಾಸನೆ ಎದ್ದಿತು. ಊಟಕ್ಕೆ ಕೂತರೆ ಮುದ್ದೆ ಗಂಟಲಲ್ಲಿ ಇಳಿಯದು.

"ಅವ್ವ, ಬೀಗದ ಕೈ ಕೊಡು," ಎಂದ ಸೊಣ್ಣಪ್ಪ.

"ನಿನ್ ತಮ್ಮುನ್ನ ಕರಿ, ಕೊಡ್ತೀನಿ."

"ಅವನ್ನ ಯಾಕ್ ಕರೀಬೇಕು? ಅಟ್ಟದ ಬಾಯಿ ನನ್ ಮನೇಲೈತೆ."

"ಅಂಗಾದ್ರೆ ವಾಸ್ನೇನೂ ನಿನ್ದೇ. ಕುಡ್ಕಂಡಿರು."

ಆಚೆ ಕಡೆಯಿಂದ ಮುನಿರಾಜು, "ಅವನೇ ಬಂದು ಕೂಗಲಿ, ಏಣಿ ತರ್ತೀನಿ" ಎಂದನಂತೆ. ಅಣ್ಣ ಕೂಗಲಿಲ್ಲ. ತಮ್ಮ ತರಲಿಲ್ಲ.

ಬೀಗಿತ್ತಿ, ಸೌಮ್ಯಳ ಅತ್ತೆ, ಬಂದದ್ದು ಅದೇ ವಾರ. ಸೀಮಂತಕ್ಕೆ ದಿನ ಗೊತ್ತುಮಾಡಲು, ಹಾಗೇ ಬಾಣಂತಿ ಕೋಣೆ ನೋಡಿಕೊಂಡು ಹೋಗಲು. ಧನಲಕ್ಷ್ಮಿ ಊದುಬತ್ತಿ ಹಚ್ಚಿ, ಬಾಗಿಲು ಕಿಟಕಿ ತೆರೆದು, ಬಿಸಿ ಕೋಡುಬಳೆ ಕರಿದಿಟ್ಟಿದ್ದಳು. ಬೀಗಿತ್ತಿ ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿಯುವವಳು, ಮಾತು ಕಡಿಮೆ. ಸಣ್ಣ ಕೋಣೆಯ ಮಂಚದ ಮೇಲೆ ಕೂತು ಮೂಗು ಸ್ವಲ್ಪ ಎಳೆದಳು.

"ಚರಂಡಿ ಕಣಮ್ಮ," ಎಂದಳು ಮಾರಕ್ಕ, ಅವಳು ಕೇಳುವ ಮೊದಲೇ. "ಕೆರೆ ಬೇರೆ ಅತ್ರ ನೋಡು."

ಬೀಗಿತ್ತಿ ತಲೆಯಾಡಿಸಿ ಕೋಡುಬಳೆಗೆ ಕೈ ಚಾಚಿದಳು. ಆಗ ಹಲಗೆಯ ಸಂದಿನಿಂದ ಒಂದು ಬಿಳಿ ಹುಳು ತಟ್ಟೆಯ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಬೀಗಿತ್ತಿ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿ ಎದ್ದಳು.

"ನಿಮ್ ಮನೆ ವಿಷ್ಯ ನಾನ್ ಮಾತಾಡಲ್ಲ ಕಣ್ರೀ. ಆದ್ರೆ ಕೂಸು ಇಲ್ಲಿ ಮಲಗೋದು ಬೇಡ. ಬಾಣಂತನ ನಾವೇ ಮಾಡ್ಕೋತೀವಿ."

"ಚೊಚ್ಚಲು ಬೀಗಿತ್ತಿ..." ಧನಲಕ್ಷ್ಮಿ ಬಾಗಿಲಿಗೆ ಅಡ್ಡ ಬಂದಳು. "ತೌರಿಗೆ ಬರ್ದೇ ಇರೋಕಾಗುತ್ತಾ?"

"ಸೀಮಂತದೊಳಗೆ ಸರಿ ಮಾಡಿ. ಬಂದು ನೋಡ್ತೀನಿ. ಇಲ್ದಿದ್ರೆ ಇಲ್ಲ."

ಸಂಜೆ ಸೌಮ್ಯಳ ಫೋನು ಬಂತು. "ಅಮ್ಮ, ಇಲ್ಲಿರೋದು ಒಂದೇ ರೂಮು. ಅತ್ತೆ ಪಾಪ ರಜಾ ಹಾಕ್ತೀನಿ ಅಂತಾರೆ, ಅಷ್ಟು ದಿನ ಹಾಕಿದ್ರೆ ಕೆಲಸಾನೇ ಹೋಗುತ್ತೆ. ನನ್ನ ಯಾರು ನೋಡ್ಕೋತಾರೆ? ಏನಾದ್ರೂ ಮಾಡಮ್ಮ."

"ಮಾಡ್ತೀನಿ," ಎಂದಳು ಧನಲಕ್ಷ್ಮಿ. "ನಿನ್ ಸೀರೆ ಬಟ್ಟೆ ಜೋಡಿಸ್ಕೋ. ನೀನು ಬರೋದು ಇಲ್ಲಿಗೇ."

ಸೊಣ್ಣಪ್ಪ ತನ್ನ ದಾರಿಯಲ್ಲಿ ತೀರ್ಮಾನ ಮಾಡಿದ. ನೀರಿನ ಟ್ಯಾಂಕರ್ ಓಡಿಸುವುದು ಅವನ ಕಸುಬು; ಅವತ್ತು ಕೆಲಸ ಮುಗಿಸಿ ಬಂದವನು ಒಂದು ಲೋಡು ಇಟ್ಟಿಗೆ ತರಿಸಿ ಹಿತ್ತಲಿಗೆ ಇಳಿಸಿದ.

"ಗೋಡೆ ಹೆಂಚಿಗಂಟ ಏರಿಸ್ಬಿಡ್ತೀನಿ. ಅವನ ಕಡೆಯವು ಅವನಿಗೆ, ನಮ್ಮವು ನಮಗೆ. ಬೀಗ ಒಡೆದಾದ್ರೂ ಸರಿ."

ಮಾರಕ್ಕ ಮುರಿಯುತ್ತಿದ್ದ ಮುದ್ದೆಯನ್ನು ತಟ್ಟೆಗೆ ಬಿಟ್ಟಳು. "ನಾನು ಈ ಮನೆಗೆ ಬಂದಾಗ ಇದೇ ಅಟ್ಟದಾಗೆ ರಾಗಿ ತುಂಬಿ ಮೇಲೆ ಜಾಗ ಸಾಲ್ದೆ ಕೆಳಗೆ ಗುಡ್ಡೆ ಆಕ್ತಿದ್ವಿ. ಒಂದು ಸೂರು ಉಳ್ಕಂಡೈತೆ. ಅದೂ ಬ್ಯಾಡ್ವಾ? ನಾನ್ ಸತ್ಮ್ಯಾಲೆ ಏರಿಸ್ಕಳ್ರಿ." ಅವತ್ತು ಅವಳು ಉಣ್ಣಲಿಲ್ಲ. ಮಾರನೆಯ ದಿನವೂ ಬರೀ ಮಜ್ಜಿಗೆ ಕುಡಿದು ಎದ್ದಳು.

ಧನಲಕ್ಷ್ಮಿ ಒಂದು ಮಧ್ಯಾಹ್ನ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಓಣಿ ಸುತ್ತಿ ರಸ್ತೆಗೆ ಬಂದು ಮೈದುನನ ಅಂಗಡಿಯ ಮುಂದೆ ನಿಂತಳು. ಪಾಲಾದ ಮೇಲೆ ಆ ಮೆಟ್ಟಿಲ ಹತ್ತಿರ ಅವಳು ಬಂದದ್ದು ಇದೇ ಮೊದಲು. ಗಲ್ಲಾದಲ್ಲಿ ಹೇಮಲತಾ ಇದ್ದಳು.

"ಏನ್ ಬೇಕಿತ್ತು?" ಎಂದಳು, ಗಿರಾಕಿಯನ್ನು ಕೇಳುವ ಹಾಗೆ.

"ನೀನು ಪಾಷಾಣ ಹಾಕಿದ್ಯಾ?"

ಹೇಮಲತಾ ರಸ್ತೆಯ ಕಡೆ ನೋಡಿದಳು. "ಇಲ್ಲಿ ಮಾತಾಡ್ಬೋದಾ? ಅತ್ತೆ ಕೇಳಿದ್ರೆ..."

"ಅಂಗಡಿ ಮೇಲಿರೋದು ತಾರಸಿ ಕಣೇ, ಹೆಂಚಲ್ಲ. ಅವಕ್ಕೆ ಕೇಳಿಸಲ್ಲ. ಹೇಳು."

"ಹಾಕ್ದೆ."

"ನಾನೂ ಹಾಕ್ದೆ."

ಹೇಮಲತಾಳಿಗೇ ಮೊದಲು ನಗು ಬಂತು, ಸೆರಗು ಬಾಯಿಗಿಟ್ಟುಕೊಂಡಳು. "ಅದಕ್ಕೇ ಅಷ್ಟೊಂದು ನಾತ! ನಾನು ನಿಮ್ಮನ್ನ ಬೈಕೊಂಡೇ ಬೈಕೊಂಡೆ ಅಕ್ಕ."

"ನಾನೇನ್ ಕಡ್ಮೆ ಬೈದಿಲ್ಲ. ನೋಡು, ಗೋಡೆ ಏರಿಸಿದ್ರೆ ಹೋಗಲ್ಲ ಇವು. ನಾನು ಓಡಿಸಿದ್ರೆ ನಿನ್ ಕಡೆ ಬರ್ತವೆ, ನೀನು ಓಡಿಸಿದ್ರೆ ನನ್ ಕಡೆ. ಎರಡೂ ಕಡೆಯಿಂದ ಒಂದೇ ದಿನ ಮಾಡ್ಬೇಕು. ಭಾನುವಾರ ನಿನ್ ಗಂಡನ್ನ ಏಣಿ ಜೊತೆ ಕಳಿಸು."

"ಅವರು ಭಾವನ ಹತ್ರ ಮಾತಾಡಲ್ಲ ಅಕ್ಕ."

"ಮಾತಾಡೋದು ಯಾರಿಗ್ ಬೇಕು? ಏಣಿ ಹಿಡ್ಕೊಂಡ್ರೆ ಸಾಕು. ಬೀಗದ ಕೈ ನಾನ್ ತರ್ತೀನಿ."

ಬೀಗದ ಕೈ ಅಷ್ಟು ಸುಲಭವಾಗಿ ಬರಲಿಲ್ಲ. ಮಾರಕ್ಕ ಹಿತ್ತಲಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಧನಲಕ್ಷ್ಮಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದಳು.

"ಅತ್ತೆ, ಈ ಓಣೀಲಿ ಎಷ್ಟು ಕೂಸಿಗೆ ನೀರು ಹಾಕಿದೀರ?"

"ಲೆಕ್ಕ ಯಾರಿಕ್ಕವ್ರೆ! ನಿನ್ ಮಕ್ಳಿಗೆ ಆಕ್ದೆ, ಏಮಲತನ ಮಕ್ಳಿಗೆ ಆಕ್ದೆ. ಆಚೆ ಬೀದಿಯೋರೂ ಕರ್ಕಂಡು ಓಗ್ತಿದ್ರು. ಕಾಲ್ಮ್ಯಾಲೆ ಬೋರ್ಲು ಮನಿಕಂಡ್ರೆ ಒಂದೂ ಅಳಾಕಿಲ್ಲ ನನ್ ಕೈಯಾಗೆ."

"ಸೌಮ್ಯನ ಕೂಸಿಗೆ ದಾಸರಹಳ್ಳೀಲಿ ಯಾರೋ ದುಡ್ಡಿಗೆ ಬರೋಳು ಹಾಕ್ತಾಳೆ."

ಮುದುಕಿಯ ಕಾಲು ಗಟ್ಟಿಯಾಯಿತು. "ಯಾಕೆ?"

"ಇಲ್ಲಿಗೆ ಕಳಿಸಲ್ವಲ್ಲ. ನೀವು ಬೀಗದ ಕೈ ಬಿಟ್ಟಿಲ್ಲ, ಇವರು ತಮ್ಮನಿಗೆ ಮುಖ ಕೊಟ್ಟಿಲ್ಲ, ಮೈದುನ ಏಣಿ ಕೊಟ್ಟಿಲ್ಲ. ಸೌಮ್ಯ ಏನ್ ಮಾಡ್ತಾಳೆ?"

ಮಾರಕ್ಕ ಬಹಳ ಹೊತ್ತು ಇಟ್ಟಿಗೆ ರಾಶಿಯನ್ನೇ ನೋಡಿದಳು. "ಅಟ್ಟದ ಬಾಯಿ ತೆಗುದ್ರೆ ನಿನ್ ಗಂಡ ಗೋಡೆ ಏರಿಸ್ತಾನೆ."

"ಏರಿಸಲ್ಲ."

"ಇಟ್ಗೆ ತಂದು ಆಕವ್ನೆ!"

"ಹಾಕ್ಲಿ. ಏರಿಸಲ್ಲ ಅಂತ ನಾನ್ ಹೇಳ್ತಿದೀನಿ. ನಾನಿರೋಗಂಟ ಆ ಗೋಡೆ ಒಂದು ಇಟ್ಟಿಗೆ ಮೇಲಕ್ಕೆ ಹೋಗಲ್ಲ."

ಎಲೆಅಡಿಕೆ ಚೀಲದ ದಾರ ಬಿಚ್ಚಿತು.

ಭಾನುವಾರ ಬೆಳಿಗ್ಗೆ ಮುನಿರಾಜು ಏಣಿ ಹೊತ್ತು ಓಣಿಯ ಕಡೆಯಿಂದ ಬಂದ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. "ಬಾರಪ್ಪ, ಏಣಿ ಭಾರ ಅಲ್ವಾ," ಎಂದಳು ಧನಲಕ್ಷ್ಮಿ, ನಿನ್ನೆಯೂ ಬಂದು ಹೋದವನನ್ನು ಕರೆಯುವ ಹಾಗೆ. "ಹೂಂ ಅತ್ತಿಗೆ," ಎಂದು ಒಳಗೆ ಬಂದ. ಸೊಣ್ಣಪ್ಪ ಗೋಡೆಗೆ ಒರಗಿ ನಿಂತಿದ್ದ. ಮಾರಕ್ಕ ಇಬ್ಬರ ಮುಖವನ್ನೂ ನೋಡಿ, ಆಮೇಲೆ ಲೋಕೇಶನ ಕೈಯಲ್ಲಿ ಬೀಗ ತೆಗೆಸಿದಳು.

"ಅವ್ವ, ಏಣಿ ಸರ್ಯಾಗಿ ಹಿಡ್ಕೊಳ್ಳೋಕೆ ಹೇಳು," ಎಂದ ಮುನಿರಾಜು ಮೇಲಿನ ಮೆಟ್ಟಿಲಿನಿಂದ.

"ಅವ್ವ, ಹಿಡ್ಕೊಂಡೇ ಇದೀನಿ ಅಂತ ಹೇಳು," ಎಂದ ಸೊಣ್ಣಪ್ಪ ಕೆಳಗಿನಿಂದ.

"ನಾನೇನು ನಿಮ್ಗೆ ಮೊಬೈಲಾ?" ಎಂದಳು ಮಾರಕ್ಕ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂವರು ಗಂಡಸರೂ ಮೇಲೆ ಹತ್ತಿದರು. ಸತ್ತವನ್ನು ಮೊರದಲ್ಲಿ ಬಾಚಿ ಚೀಲಕ್ಕೆ ತುಂಬಿ ಇಳಿಸಿದರು. ಧನಲಕ್ಷ್ಮಿ ಅರ್ಧ ಏಣಿ ಹತ್ತಿ ಒಂದೊಂದೇ ಕೈಗೆ ತೆಗೆದುಕೊಂಡಳು, ಕೆಳಗೆ ಹೇಮಲತಾ. ಕುಂಟೆ ಬಂತು, ಕೂರಿಗೆ ಬಂತು, ರಾಗಿ ಜರಡಿ ಹಿಡಿಯುವ, ಬೆತ್ತ ಸಡಿಲವಾದ ವಂದರಿ ಬಂತು. ಕೊನೆಗೆ ಮೂಲೆಯಲ್ಲಿದ್ದ ದೊಡ್ಡ ತಾಮ್ರದ ಹಂಡೆಗೆ ಸೊಣ್ಣಪ್ಪ ಕೈ ಹಾಕಿದ. ಅದರೊಳಗಿನಿಂದ ಇಲಿಗಳು ಉಕ್ಕಿದ ಹಾಲಿನ ಹಾಗೆ ಹೊರಬಿದ್ದವು.

"ಮುನಿಯಾ, ನಿನ್ ಕಡೆ! ನಿನ್ ಕಡೆ ಬಂತು!"

"ಬಂತು ಅಣ್ಣ! ನೀನು ಸಂದಿಗೆ ಅಡ್ಡ ನಿಲ್ಲು, ಬಿಡ್ಬೇಡ!"

"ಅಯ್ಯೋ ನನ್ ಕಾಲ್ಮೇಲೆ ಹೋಯ್ತು ಚಿಕ್ಕಪ್ಪ!" ಎಂದು ಲೋಕೇಶ್ ಕೂಗಿಕೊಂಡ.

ಹಲಗೆ ಅದುರುವ ಹಾಗೆ ಮೂವರ ಓಡಾಟ, ಕೋಲಿನ ಏಟು. ಕೆಳಗೆ ಮಾರಕ್ಕ ತಲೆಯ ಮೇಲೆ ಬೀಳುವ ಮಣ್ಣನ್ನು ಕೊಡವಿಕೊಳ್ಳದೆ ಕೇಳುತ್ತ ಕೂತಿದ್ದಳು.

ಹಂಡೆ ಇಳಿಯಿತು. ಒಳಗೆ ಮೊಣಕೈ ಆಳದ ಗೂಡು. ಬಿಸ್ಕತ್ತಿನ ಕಾಗದ, ಗೋಣಿಯ ನಾರು, ಲೋಕೇಶನ ಕಾಲುಚೀಲ, ಅದರ ನಡುವೆ ಬೆಳ್ಳಗೆ ಮೆತ್ತಗಿನ ಪಂಚೆಯ ತುಂಡುಗಳು. ಧನಲಕ್ಷ್ಮಿ ಒಂದು ತುಂಡನ್ನು ಎಳೆದು ನೋಡಿದಳು. ಕಿವಿ ಬಿಸಿಯಾಯಿತು.

"ನಾನು ಕದ್ದಿದ್ದು ಸಿಕ್ತಾ ಅಕ್ಕ?" ಎಂದಳು ಪಕ್ಕದಲ್ಲಿ ಬಗ್ಗಿದ್ದ ಹೇಮಲತಾ.

ಧನಲಕ್ಷ್ಮಿ ಮತ್ತೆ ಗೂಡಿಗೆ ಕೈ ಹಾಕಿ, ಹಸಿರು ರವಿಕೆ ಬಟ್ಟೆಯ ಚೂರೊಂದನ್ನು ಹೊರಗೆಳೆದಳು. "ಇದು ನಿಂದಲ್ವಾ?"

"ನಂದೇ! ಗೌರಿಹಬ್ಬಕ್ಕೆ ಹೊಲಿಸ್ಬೇಕಂತ ಇಟ್ಟಿದ್ದು."

"ತಗೋ. ನಾನು ಕದ್ದಿದ್ದೂ ಸಿಕ್ತು."

ಅಲ್ಲಿಗೆ ಮುಗಿಯಲಿಲ್ಲ. ಮುನಿರಾಜು ತಂತಿ ಜಾಲರಿ ತಂದ. ಸೂರಿನಂಚಿನ ಉದ್ದಕ್ಕೂ, ಎರಡೂ ಮನೆಯ ಮೇಲೆ ಒಂದೇ ಎಳೆತದಲ್ಲಿ ಹೊಡೆದರು. ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬಿದರು. ಉಳಿದವಕ್ಕೆ ಎರಡೂ ಕಡೆ ಬೋನು. ಧನಲಕ್ಷ್ಮಿ ಮಾರಕ್ಕನ ಕಟ್ಟಳೆಯನ್ನು ಅವಳೆದುರಿಗೇ ಮುರಿದಳು.

"ಹೇಮಾ, ಬೋನು ಮೂಲೆಗಿಟ್ಟಿದೀನಿ ಕಣೇ, ಕೊಬ್ಬರಿ ಸಿಕ್ಸಿ!" ಎಂದು ಗೋಡೆಯಾಚೆಗೆ ಕೂಗುವಳು.

"ನಂದು ಬಾಗಿಲ ಹತ್ರ ಅಕ್ಕ! ಇವತ್ತು ಎರಡು ಬಿದ್ದವೆ!"

ಮಾರಕ್ಕ ಕಿವಿ ಮುಚ್ಚಿಕೊಳ್ಳುವಳು. "ಕೇಳಿಸ್ಕತಾವೆ ಕಣ್ರಮ್ಮಿ, ಕೇಳಿಸ್ಕತಾವೆ!"

"ಕೇಳಿಸ್ಕೊಂಡೇ ಓಡೋಗ್ಲಿ ಅತ್ತೆ."

ಸಂಕ್ರಾಂತಿ ಕಳೆಯುವ ಹೊತ್ತಿಗೆ ಬೋನುಗಳು ಖಾಲಿ ಬೀಳತೊಡಗಿದವು. ಕೋಣೆಗೆ ಸುಣ್ಣ ಹೊಡೆದರು. ಬೀಗಿತ್ತಿ ಬಂದು ಅದೇ ಮಂಚದ ಮೇಲೆ ಕೂತು, ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ತಟ್ಟೆಗೆ ಕೈ ಹಾಕಿ ಕೋಡುಬಳೆ ಮುರಿದಳು.

"ಚೆನ್ನಾಗವೆ. ಸ್ವಲ್ಪ ಕಟ್ಟಿಕೊಡಿ, ಸೌಮ್ಯಂಗೆ." ಕಾಫಿ ಕುಡಿದು ಎದ್ದಳು. "ಸೀಮಂತ ಆದ ಮಾರನೇ ದಿನ ಬಂದು ಕರ್ಕೊಂಡು ಹೋಗಿ."

ಸೊಣ್ಣಪ್ಪ ಮಾತ್ರ ಇಟ್ಟಿಗೆಯನ್ನು ಮರೆತಿರಲಿಲ್ಲ. ತಮ್ಮನೊಂದಿಗೆ ಈಗ ಒಂದೆರಡು ಮಾತು ಬಂದಿತ್ತು, ಅಷ್ಟೆ. ರಸ್ತೆ ಮುಖದ ಸಿಟ್ಟು ಇದ್ದಲ್ಲೇ ಇತ್ತು. "ಹೆಂಗೂ ಬಾಯಿ ತೆಗೆದಾಯ್ತು. ಮಗಳು ಬರೋ ಮುಂಚೆ ಗೋಡೆ ಮುಗಿಸ್ಬಿಡ್ತೀನಿ," ಎಂದು ಅದೇ ಹಳೆಯ ಗಾರೆಯವನಿಗೆ ಬರಹೇಳಿದ.

ಗಾರೆಯವನು ಬಂದಾಗ ಹಿತ್ತಲಲ್ಲಿ ಇಟ್ಟಿಗೆ ರಾಶಿ ಇರಲಿಲ್ಲ. ಎರಡೂ ಮನೆಯ ಬಚ್ಚಲುಗಳ ನಡುವೆ ಹೊಸ ಕಟ್ಟೆಯೊಂದು ನಿಂತಿತ್ತು, ಅದರ ತಲೆಗೆ ಅರ್ಧ ಕಟ್ಟಿದ ಒಲೆ. ಧನಲಕ್ಷ್ಮಿ ಸೀರೆ ಎತ್ತಿಕಟ್ಟಿ ಮಣ್ಣು ಕಲಸುತ್ತಿದ್ದಳು. ಹೇಮಲತಾ ಇಟ್ಟಿಗೆ ಕೊಡುತ್ತಿದ್ದಳು. ಹುಣಸೆಹಣ್ಣು ಹಾಕಿ ಉಜ್ಜಿದ ಹಂಡೆ ಬಿಸಿಲಿಗೆ ಬೋರಲಾಗಿ ಹೊಳೆಯುತ್ತಿತ್ತು.

"ಇಟ್ಟಿಗೆ ಎಲ್ಲಿ?" ಎಂದ ಸೊಣ್ಣಪ್ಪ.

"ಇಲ್ಲೇ ಇವೆ. ಬಾಣಂತಿಗೆ ದಿನಾ ಹಂಡೆ ನೀರು ಬೇಕಲ್ಲ."

"ಅಷ್ಟೂನೂ ಹಾಕಿದ್ಯಾ? ಗೋಡೆಗೆ?"

"ಗೋಡೆಗೆ ಉಳೀಲಿಲ್ಲ." ಅವಳು ಮಣ್ಣಿನ ಕೈಯನ್ನೇ ಸೊಂಟಕ್ಕಿಟ್ಟು ನಿಂತಳು. "ಅತ್ತೆಗೆ ಮಾತು ಕೊಟ್ಟಿದೀನಿ ಕಣ್ರೀ. ಅದರ ಮೇಲೇ ಬೀಗದ ಕೈ ಬಂದಿದ್ದು. ನಿಮ್ ಮಗಳು ಬರ್ತಿರೋದೂ ಅದರ ಮೇಲೇ. ಇನ್ನೊಂದು ಲೋಡ್ ತಂದ್ರೆ ಹಿತ್ತಲಿಗೂ ಜಗಲಿ ಕಟ್ತೀನಿ."

ಹೇಮಲತಾ ತಲೆ ತಗ್ಗಿಸಿ ಇಟ್ಟಿಗೆಯ ಮಣ್ಣು ಕೆರೆಯತೊಡಗಿದಳು. ಹಿತ್ತಲ ಬಾಗಿಲಲ್ಲಿ ಕೂತಿದ್ದ ಮಾರಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿ ಮಗನನ್ನು ನೋಡಿದಳು. ಸೊಣ್ಣಪ್ಪ ಒಲೆಯನ್ನು ನೋಡಿದ, ಹಂಡೆಯನ್ನು ನೋಡಿದ. ಆಮೇಲೆ ಹೊರಗೆ ಹೋಗಿ ಟ್ಯಾಂಕರಿನ ಪೈಪನ್ನು ಹಿತ್ತಲಿಗೆ ಎಳೆದು ತಂದು, ಕಲಸಿದ ಮಣ್ಣಿಗೆ ನೀರು ಬಿಟ್ಟ.

"ಬಂದೋನು ಸುಮ್ನೆ ಯಾಕ್ ನಿಂತೆ?" ಎಂದು ಗಾರೆಯವನ ಮೇಲೆ ರೇಗಿದ. "ಹೆಂಗಸ್ರು ಕಟ್ಟಿರೋದು ವಾಲೈತೆ. ನೆಟ್ಟಗೆ ಮಾಡು."

ಗಾರೆಯವನು ಕರಣೆ ತೆಗೆದು ಕೂತ. ಒಂದು ವರಸೆ, ಎರಡು ವರಸೆ ಕೂರಿಸಿ ತಲೆಯೆತ್ತಿದ.

"ಇನ್ನು ಮೇಲಕ್ಕೆ?"

"ಹಂಡೆ ಕೂರೋಷ್ಟು ಸಾಕು," ಎಂದಳು ಧನಲಕ್ಷ್ಮಿ. "ಅಲ್ಲಿಗೇ ನಿಲ್ಸಪ್ಪ."